ಎದ್ದು ಹೋದವನ ಕುರ್ಚಿ

"ಸಹಿ ಮಾಡಬ್ಯಾಡ್ರಿ."

ಉಮಾಶ್ರೀಯ ಪೆನ್ನು ತಪಾಸಣೆಯ ಕಾಗದದ ಮೇಲೆಯೇ ನಿಂತಿತು.

ತಲೆ ಎತ್ತಿದರೆ ಪರಿಚಯವಿಲ್ಲದ ಮುಖ. ಎಣ್ಣೆ ಮೆತ್ತಿದ ನೀಲಿ ಅಂಗಿ, ಜೇಬಿನ ಮೇಲೆ 'ಶಿವಕಾಂತ, ಟೂಲ್‌ರೂಮ್' ಎಂಬ ಪಟ್ಟಿ. ಅವಳು ಸಂಭಾಜಿನಗರದ ಹೊರಗೆ ಶೇಂದ್ರಾದ ಆ ಕಾರ್ಖಾನೆಗೆ ಕ್ವಾಲಿಟಿ ಇಂಜಿನಿಯರಾಗಿ ಸೇರಿ ಇನ್ನೂ ಒಂಬತ್ತು ದಿನ. ಭಾಲ್ಕಿಯಲ್ಲಿರುವ ಅವ್ವನ ಜೊತೆ ಈಗಷ್ಟೇ ಫೋನಿನಲ್ಲಿ ಮಾತಾಡಿದ್ದಳು. ಅದನ್ನು ಕೇಳಿಯೇ ಇವನಿಗೆ ಕನ್ನಡದವಳೆಂದು ತಿಳಿದಿರಬೇಕು.

"ಯಾಕ್ರಿ?"

"ನೀವು ಅಳತಿ ತಗೊಂಡ ಗೇಜ್ ಸವದು ಹೋಗ್ಯಾದ. ಹೋದ ತಿಂಗಳೇ ನಾ ಅದನ್ನ ತಗದು ಒಗೀರಿ ಅಂತ ಬರದು ಕೊಟ್ಟೀನಿ. ಅದು ಹೇಳೋದೆಲ್ಲಾ ಸುಳ್ಳ ಅದ."

ಹೊರಗೆ ಟ್ರಕ್ ಕಾಯುತ್ತಿತ್ತು. ಮ್ಯಾನೇಜರ್ ಎರಡು ಸಲ ಫೋನ್ ಮಾಡಿ "ಲವ್ಕರ್ ಕರಾ ಮ್ಯಾಡಂ" ಎಂದು ಅವಸರ ಮಾಡಿದ್ದ. ಉಮಾಶ್ರೀ ಎದುರಿದ್ದವನನ್ನು ಅನುಮಾನದಿಂದ ನೋಡಿದಳು. ಯಾರು ಏನೇ ಬುದ್ಧಿ ಹೇಳಿದರೂ ಅವಳ ಬಾಯಿಂದ ಮೊದಲು ಬರುತ್ತಿದ್ದ ಪ್ರಶ್ನೆ ಒಂದೇ.

"ಇದ್ರಾಗ ನಿಮ್ದೇನ್ ಫಾಯದಾರಿ?"

"ಏನೂ ಇಲ್ರಿ. ಹೇಳಬೇಕನಸ್ತು, ಹೇಳ್ದೆ."

ಅಷ್ಟು ಹೇಳಿ ಅವನು ಹೋಗಿಬಿಟ್ಟ. ಅವಳು ಸಹಿ ಮಾಡಲಿಲ್ಲ. ಹೊಸ ಗೇಜ್ ತಂದು ಅಳೆದರೆ ಮುನ್ನೂರರಲ್ಲಿ ನಲವತ್ತು ಶಾಫ್ಟ್ ಕೆಟ್ಟಿದ್ದವು! ಅವತ್ತು ಸಂಜೆ ಬಸ್ಸಿನಲ್ಲಿ ಅವಳಿಗೆ ಆ ಶಾಫ್ಟುಗಳಿಗಿಂತ ಆ ನೀಲಿ ಅಂಗಿಯೇ ಹೆಚ್ಚು ನೆನಪಾಯಿತು ಎಂದರೆ ಓದುಗರು ನಗಬಾರದು.

ಯಾರಿಗೇನು ಲಾಭ ಎಂಬ ಈ ಫಾಯದಾದ ಪ್ರಶ್ನೆ ಅವಳಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ. ಓದು ಮುಗಿದಾಗ ಸೋದರಮಾವ ಒಳ್ಳೆಯ ಕೆಲಸವೊಂದನ್ನು ಬಿಡಿಸಿ ತನ್ನ ಗೆಳೆಯನ ವರ್ಕ್‌ಶಾಪಿಗೆ ಸೇರಿಸಿದ್ದ. ಗೆಳೆಯನಿಗೆ ಬೇಕಿದ್ದದ್ದು ಕಾಗದಪತ್ರಕ್ಕೆ ಒಬ್ಬ ಇಂಜಿನಿಯರಿನ ಹೆಸರು ಮಾತ್ರ, ಅದಕ್ಕೆ ಮಾವನಿಗೂ ಹಣ ಸಂದಿತ್ತು. ಎರಡು ವರ್ಷ ಮಣ್ಣುಪಾಲಾದವು. ಅಂದಿನಿಂದ ಅವಳಿಗೆ ಸಲಹೆಯೆಂದರೆ ಹೆದರಿಕೆ. ಆದರೆ ಊರು ಬಿಟ್ಟು ಬಂದ ಒಂಟಿ ಹುಡುಗಿ ಯಾರನ್ನೂ ಕೇಳದೆ ಎಷ್ಟು ದಿನ ನಡೆದಾಳು?

ಅದಕ್ಕೇ ಅವಳು ತನ್ನದೊಂದು ಸಲಹಾ ಮಂಡಳಿ ಕಟ್ಟಿಕೊಂಡಳು.

ತಿಂಗಳ ಮೊದಲ ಭಾನುವಾರ, ಸಂಭಾಜಿನಗರದ ಸಿಡ್ಕೋ ಬಡಾವಣೆಯಲ್ಲಿ ರುಕ್ಮಿಣಿಬಾಯಿಯ ಮೆಸ್ಸು. ಊಟದ ಹೊತ್ತು ಮುಗಿದು ಮೇಜುಗಳು ಖಾಲಿಯಾದ ಮೇಲೆ ನಾಲ್ಕು ಕುರ್ಚಿ. ಒಂದರಲ್ಲಿ ಮೆಸ್ಸಿನ ಒಡತಿ ರುಕ್ಮಿಣಿಬಾಯಿ, ಮನುಷ್ಯರ ಗುಣವನ್ನು ಅವರು ಉಣ್ಣುವ ರೀತಿಯಲ್ಲೇ ಹೇಳಿಬಿಡುವ ಬೀದರಿನ ಹೆಂಗಸು. ಇನ್ನೊಂದರಲ್ಲಿ ಧಾರವಾಡದಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನ ನರಹರಿ ಸರ್. ಮೂರನೆಯದರಲ್ಲಿ ಶಿವಕಾಂತ. ನಾಲ್ಕನೆಯದರಲ್ಲಿ ಉಮಾಶ್ರೀ, ಮಡಿಲಲ್ಲಿ ನೋಟ್‌ಬುಕ್.

ನಿಯಮ ಒಂದೇ. ಅವಳೇ ಹೇಳಿದ್ದು.

"ನನ್ನ ನಿರ್ಧಾರದಾಗ ಯಾರಿಗೆ ಸ್ವಂತದ ಫಾಯದಾ ಅದನೋ, ಅವರು ಎದ್ದು ಹೋಗಬೇಕು."

"ಕಾರಣ ಕೇಳಬಾರದು," ಎಂದು ನರಹರಿ ಸರ್ ಸೇರಿಸಿದರು. "ಕಾರಣ ಹೇಳಬೇಕು ಅಂದ್ರ ಮಂದಿ ಎದ್ದು ಹೋಗೋದಿಲ್ಲ ತಂಗಿ. ಕೂತು ಸುಳ್ಳು ಹೇಳ್ತಾರ."

ಮೂರು ವರ್ಷ ಒಬ್ಬರೂ ಏಳಲಿಲ್ಲ. ಯಾವ ಕೋರ್ಸು ಮಾಡಬೇಕು, ಯಾವ ಮಾತಿಗೆ ಸುಮ್ಮನಿರಬಾರದು, ಬಡ್ತಿ ಕೇಳುವುದು ಹೇಗೆ... ಎಲ್ಲವೂ ಆ ಮೇಜಿನ ಮೇಲೆಯೇ ಇತ್ಯರ್ಥವಾದವು. ಶಿವಕಾಂತ ಮಾತಾಡುತ್ತಿದ್ದದ್ದು ಕಡಿಮೆ. ಅವನ ಒಂದು ವಾಕ್ಯಕ್ಕಾಗಿ ಅವಳು ನೋಟ್‌ಬುಕ್ಕಿನಲ್ಲಿ ಜಾಗ ಬಿಟ್ಟುಕೊಂಡು ಕಾಯುತ್ತಿದ್ದಳು. ಅದಕ್ಕೆ ಪ್ರೀತಿ ಎಂದು ಹೆಸರಿಡುವ ಧೈರ್ಯ ಮಾತ್ರ ಅವಳಿಗಿರಲಿಲ್ಲ.

ಆಮೇಲೆ ನಾಶಿಕ್ ಬಳಿಯ ಸಿನ್ನರ್‌ನ ಕಂಪನಿಯೊಂದರಿಂದ ಕೆಲಸದ ಪತ್ರ ಬಂತು. ಇಡೀ ಕ್ವಾಲಿಟಿ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ವಾಸ ನಾಶಿಕ್‌ನಲ್ಲಿ.

ಭಾನುವಾರ ಅವಳು ಪತ್ರ ಓದಲು ಶುರುಮಾಡಿದಳು. ಮೇಲೆ ಬರೆದಿದ್ದ ಕಂಪನಿಯ ಹೆಸರು ಕೇಳಿ ಶಿವಕಾಂತ ತಟ್ಟನೆ ಮುಖ ಎತ್ತಿದ. ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ.

ನಂತರ ಕುರ್ಚಿ ಹಿಂದೆ ಸರಿಸಿ, ತನ್ನ ಚಹಾದ ಲೋಟ ತೊಳೆದಿಟ್ಟು, ಎದ್ದು ಹೋದ.

ಉಮಾಶ್ರೀ ಆ ಖಾಲಿ ಕುರ್ಚಿಯನ್ನೇ ನೋಡಿದಳು. 'ಇವರಿಗೂ ಫಾಯದಾ...? ಇವರಿಗೂನಾ?'

ಉತ್ತರ ಎರಡೇ ದಿನದಲ್ಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸಿಕ್ಕಿತು. ತೆರವಾಗಲಿರುವ ಅವಳ ಜಾಗಕ್ಕೆ ಶಿವಕಾಂತನ ಚಿಕ್ಕಪ್ಪನ ಮಗ ರವಿಕಾಂತ ಅರ್ಜಿ ಹಾಕಿದ್ದಾನಂತೆ. ಮುಗಿಯಿತು. ಸೋದರಮಾವನ ಮುಖವೇ ಈ ಮುಖದ ಮೇಲೂ ಬಂದು ಕೂತಿತು. ಅವಳು ಅವನನ್ನು ಒಂದು ಮಾತೂ ಕೇಳಲಿಲ್ಲ. ಕಾರಣ ಕೇಳಬಾರದೆಂಬ ನಿಯಮ ಇತ್ತಲ್ಲ, ಅದರ ಹಿಂದೆ ಅಡಗಿಕೊಂಡು ನಾಶಿಕ್ ಬಸ್ಸು ಹತ್ತಿದಳು. ಮಂಡಳಿಯವರ ಫೋನ್ ಎತ್ತುವುದನ್ನೂ ಬಿಟ್ಟಳು.

ನಾಶಿಕ್ ರೋಡಿನ ಒಂದು ಕೋಣೆ. ಬೆಳಿಗ್ಗೆ ಸಿನ್ನರ್‌ಗೆ ಕಂಪನಿಯ ಬಸ್ಸು, ಸಂಜೆ ವಾಪಸು. ಕೇಳಲು ಯಾರೂ ಇಲ್ಲ, ಹೇಳಲೂ ಯಾರೂ ಇಲ್ಲ. 'ಇದೇ ಒಳ್ಳೇದು' ಎಂದು ದಿನಾ ತನಗೆ ತಾನೇ ಹೇಳಿಕೊಂಡಳು. ದಿನಾ ಹೇಳಿಕೊಳ್ಳಬೇಕಾಗಿ ಬಂದದ್ದೇ ಅದು ಸುಳ್ಳೆಂಬುದಕ್ಕೆ ಗುರುತು.

ಎಂಟನೆಯ ತಿಂಗಳಲ್ಲಿ ಟ್ರ್ಯಾಕ್ಟರಿಗೆ ಟ್ರಾಲಿ ಜೋಡಿಸುವ ಪಿನ್ನುಗಳ ಒಂದು ರಾಶಿ ತಪಾಸಣೆಗೆ ಬಂತು. ಗಟ್ಟಿತನ ಸಾಲದು, ಯಂತ್ರವೇ ತೋರಿಸುತ್ತಿತ್ತು. ಕಂಪನಿಯ ಯಜಮಾನರು ಹೆಗಲ ಹತ್ತಿರ ನಿಂತು ನಯವಾಗಿ ಹೇಳಿದರು, ಇದೊಂದು ಸಲ. ಅವಳು ತಲೆ ಎತ್ತಿ ಸುತ್ತ ನೋಡಿದಳು. ಯಾರನ್ನು ಹುಡುಕಿದಳೋ ಅವಳಿಗೇ ಗೊತ್ತು. ಸಹಿ ಮಾಡಬ್ಯಾಡ್ರಿ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಸಹಿ ಮಾಡಿದಳು.

ಮೂರು ತಿಂಗಳಿಗೆ ಮಾಲೇಗಾಂವ್ ರಸ್ತೆಯಲ್ಲಿ ಪಿನ್ನು ಮುರಿದು ಟ್ರಾಲಿ ಕಳಚಿತು. ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬನ ಕಾಲಿನ ಮೇಲೆ ಚಕ್ರ ಹರಿಯಿತು. ಅವನು ಬದುಕಿದ. ಕಾಲು ಮಾತ್ರ ಉಳಿಯಲಿಲ್ಲವಂತೆ.

"ಸಹಿ ನಿಮ್ಮದೇ ಅಲ್ಲವೇ ಮ್ಯಾಡಂ?" ಎಂದರು ಯಜಮಾನರು. ಅದೇ ವಾರ ಅವಳನ್ನು ಕೆಲಸದಿಂದ ತೆಗೆದರು. ಜೊತೆಗೆ ಒಂದು ದಾರಿಯನ್ನೂ ತೋರಿಸಿದರು. ಪಿನ್ನು ಕೊಂಡ ಕಂಪನಿಯವರು ವಿಚಾರಣೆ ನಡೆಸುತ್ತಿದ್ದರು. ಸೋಮವಾರದೊಳಗೆ ಉಮಾಶ್ರೀ ಹೇಳಿಕೆ ಕೊಡಬೇಕು. ಯಂತ್ರದ ಅಂಕಿ ಸರಿಯಾಗಿಯೇ ಇತ್ತು ಎಂದು ಬರೆದರೆ ಒಳ್ಳೆಯ ಅನುಭವಪತ್ರ ಸಿಗುತ್ತದೆ, ಮುಂದೆ ಕೆಲಸವೂ ಸಿಗುತ್ತದೆ. ನಿಜ ಬರೆದರೆ ಅವಳ ಹೆಸರೇ ಮುಗಿಯುತ್ತದೆ.

ಅವಳು ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಕಣ್ಣು ಮುಚ್ಚಿದರೆ ಕಂಡಿಲ್ಲದ ಆ ಮನುಷ್ಯನ ಕಾಲು. 'ಹೆಂಗಾದರೂ ನಾ ಮುಗದಂಗೇ. ಸುಳ್ಳ ಬರದ್ರ ಒಳಗ, ಖರೇ ಬರದ್ರ ಹೊರಗ...'

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏನು ತೋಚಿತೋ, ಸಂಭಾಜಿನಗರದ ಬಸ್ಸು ಹತ್ತಿದಳು. ಯೇವಲಾ ದಾಟಿತು, ವೈಜಾಪುರ ದಾಟಿತು. ಮಧ್ಯಾಹ್ನ ಮೂರಕ್ಕೆ ಮೆಸ್ಸಿನ ಹಿಂಬಾಗಿಲಲ್ಲಿ ನಿಂತಾಗ ರುಕ್ಮಿಣಿಬಾಯಿ ಮೇಜು ಒರೆಸುತ್ತಿದ್ದಳು.

"ಬಾ," ಎಂದಳು ಅವಳು, ನಿನ್ನೆಯಷ್ಟೇ ನೋಡಿದವಳ ಹಾಗೆ. "ಉಂಡೀ?"

ಅಷ್ಟಕ್ಕೇ ಉಮಾಶ್ರೀ ಅಳತೊಡಗಿದಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ರುಕ್ಮಿಣಿಬಾಯಿ ರೊಟ್ಟಿ ಮುರಿದು ಅವಳ ಮುಂದಿಟ್ಟಳೇ ಹೊರತು ಸಮಾಧಾನದ ಮಾತಾಡಲಿಲ್ಲ.

"ನರಹರಿ ಸರ್?"

"ಅವರಿಗಿ ಧಾರವಾಡಕ್ಕ ಬದಲಿ ಆತು. ಹೋಗೋ ದಿನ ಸುದ್ದಾ ನಿಂದೇ ಕೇಳ್ಯಾರ."

ಮೇಜಿನ ಸುತ್ತ ನಾಲ್ಕೂ ಕುರ್ಚಿ ಹಾಗೆಯೇ ಇದ್ದವು.

"ಇವನ್ನ್ಯಾಕ ಹಂಗೇ ಇಟ್ಟೀರಿ ಮೌಶಿ? ಇನ್ನ ಯಾರು ಬರ್ತಾರ?"

"ಮುಂದಿನ ಬಾಗಲಾ ತಗದು ನೋಡು."

ತೆಗೆದಳು. ಮೆಟ್ಟಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ಶಿವಕಾಂತ. ಪಕ್ಕದಲ್ಲಿ ತಣ್ಣಗಾದ ಚಹಾ.

"ಹನ್ನೊಂದು ತಿಂಗಳಾತು, ತಿಂಗಳಿಗೊಮ್ಮಿ ಬರ್ತಾನ," ಎಂದಳು ರುಕ್ಮಿಣಿಬಾಯಿ ಹಿಂದಿನಿಂದ. "ನಿನ್ನ ಸುದ್ದಿ ಕೇಳ್ತಾನ, ಹೋಗ್ತಾನ. ಒಳಗ ಬಾ ಅಂದ್ರ ಒಲ್ಲ. ನಂಗ ಫಾಯದಾ ಅದ ಮೌಶಿ, ಒಳಗ ಕೂಡಬಾರದು ಅಂತಾನ."

ಶಿವಕಾಂತ ತಿರುಗಿ ನೋಡಿದ. ಎದ್ದು ನಿಂತ. ಬಾಗಿಲಾಚೆಯ ಮಾತೆಲ್ಲ ಅವನಿಗೆ ಕೇಳಿಸಿತ್ತು. ಅವನ ಮುಖವೇ ಅದನ್ನು ಹೇಳುತ್ತಿತ್ತು.

"ರವಿಕಾಂತಗ ನನ್ನ ಜಾಗ ಸಿಕ್ತೇನ್ರಿ?" ಅವಳ ದನಿ ಒರಟಾಗಿತ್ತು.

"ರವಿಕಾಂತ ಅರ್ಜಿ ಹಾಕಿದ್ದು ನಂಗ ಆಮ್ಯಾಲ ಗೊತ್ತಾಯ್ತು. ಸಿಗಲೂ ಇಲ್ಲ. ಅದಕ್ಕ ನಾ ಎದ್ದು ಹೋಗಿದ್ದಿಲ್ರಿ."

"ಮತ್ತ್ಯಾಕ?"

ಅವನು ತಣ್ಣಗಾದ ಚಹಾವನ್ನು ಮೆಟ್ಟಿಲ ಬದಿಗೆ ಚೆಲ್ಲಿದ.

"ಹೋಗಬ್ಯಾಡ್ರಿ ಅಂತ ಹೇಳಬೇಕಂತ ಬಾಯಿ ತಗದೆ. ಯಾಕ ಅಂತ ನನ್ನೇ ನಾ ಕೇಳ್ಕೊಂಡೆ. ನೀವು ಹೋದ್ರ ನಂಗ ಇರ್ಲಾಕ ಆಗಂಗಿಲ್ಲ, ಅದಕ್ಕೇ ಅಂತ ತಿಳೀತು. ಅದಕ್ಕಿಂತ ದೊಡ್ಡ ಫಾಯದಾ ಯಾವುದದರಿ? ನಿಯಮ ನಿಮ್ದೇ ಇತ್ತು. ಎದ್ದೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮೂರು ವರ್ಷ ಕೇಳಬೇಕೆಂದಿದ್ದ ಮಾತು ಇಂದು ಬಂದಿತ್ತು, ಕೇಳಿ ಸಂತೋಷಪಡುವ ಶಕ್ತಿಯೇ ಇಲ್ಲದ ದಿನ.

"ಇನ್ನೊಂದದರಿ," ಅವನ ದನಿ ಕುಸಿಯಿತು. "ಆ ಕಂಪನಿ ಸರಿ ಇಲ್ಲಂತ ನಂಗ ಗೊತ್ತಿತ್ತು. ಸುಳ್ಳ ರಿಪೋರ್ಟ್ ಮಾಡಸ್ತಾರಂತ ಅಲ್ಲಿ ಬಿಟ್ಟು ಬಂದವರು ಹೇಳಿದ್ರು. ಅದನ್ನ ಹೇಳಿದ್ರ, ನನ್ನ ಆಸೆಗೇ ನೆವ ಹುಡುಕ್ಲಕತ್ತೀನಿ ಅಂತ ನಂಗೇ ಅನಸ್ತು. ಸುಮ್ಮನಾದೆ."

"ಗೊತ್ತಿತ್ತು?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಕಳಿಸಿದ್ರಿ... ಆ ಮನಷ್ಯಾನ ಕಾಲು ಹೋಯ್ತು ಶಿವಕಾಂತ್. ನಾ ಹೋದೆ."

ಅವನು ಅತ್ತುಬಿಟ್ಟ. ಗಂಡಸು ಅಳುವುದನ್ನು ಅವಳು ಅಪ್ಪನ ನಂತರ ಮೊದಲ ಸಲ ನೋಡಿದಳು. ಹೊಡೆಯಬೇಕೆನಿಸಿತು. ಅವನ ತಲೆಯ ಮೇಲೆ ಕೈ ಇಡಬೇಕೆಂದೂ ಅನಿಸಿತು. ತಾನೂ ಕೇಳಿರಲಿಲ್ಲವಲ್ಲ, ಒಂದೇ ಒಂದು 'ಯಾಕೆ'ಯನ್ನು... ಇಬ್ಬರೂ ಅಷ್ಟು ಪ್ರಾಮಾಣಿಕರಾಗಲು ಹೋಗಿ ಒಬ್ಬರನ್ನೊಬ್ಬರು ಕಳೆದುಕೊಂಡಿದ್ದರು. ನಡುವೆ ಯಾವ ಸಂಬಂಧವೂ ಇಲ್ಲದ ಒಬ್ಬ ಕಾಲು ಕಳೆದುಕೊಂಡಿದ್ದ.

ಅವಳು ಒಳಗೆ ಹೋಗಿ ಮೂರನೆಯ ಕುರ್ಚಿಯನ್ನು ಎಳೆದಳು.

"ನಿಯಮ ನಾನೇ ಮಾಡಿದ್ದು, ನಾನೇ ಬದಲಾಯಿಸ್ತೀನಿ. ಫಾಯದಾ ಇದ್ದವರು ಎದ್ದು ಹೋಗಬಾರದು. ಏನು ಫಾಯದಾ ಅಂತ ಹೇಳಿ ಕೂಡಬೇಕು. ಬರ್ರಿ ಒಳಗ."

ಶಿವಕಾಂತ ಹೊಸ್ತಿಲು ದಾಟಿದ. ಕೂತ.

ಉಮಾಶ್ರೀ ಚೀಲದಿಂದ ಎರಡು ಕಾಗದ ತೆಗೆದಿಟ್ಟಳು. ಒಂದು ಯಜಮಾನರು ಬರೆಸಿದ ಸುಳ್ಳು ಹೇಳಿಕೆ. ಇನ್ನೊಂದು ಅವಳೇ ಬರೆದದ್ದು, ಮೂರೇ ಸಾಲು. ಪಿನ್ನು ಕೆಟ್ಟಿದ್ದು ಗೊತ್ತಿತ್ತು, ಯಜಮಾನರು ಹೇಳಿದರು, ನಾನು ಸಹಿ ಮಾಡಿದೆ.

"ಈಗ ಹೇಳ್ರಿ."

ಅವನು ಎರಡನ್ನೂ ಓದಿ ಸುಳ್ಳಿನ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟ.

"ಖರೇದೇ ಕೊಡ್ರಿ. ಇನ್ನ ಯಾರೂ ಕೆಲಸ ಕೊಡಲಿಕ್ಕಿಲ್ಲ. ಕೇಸೂ ಆದೀತು. ನಾ ಸುಳ್ಳ ಧೈರ್ಯ ಹೇಳಂಗಿಲ್ಲ."

"ಇದ್ರಾಗ ನಿಮ್ದೇನ್ ಫಾಯದಾರಿ?"

"ಕೇಸ್ ಆದ್ರ ನಿಮ್ ಜೋಡಿ ಕೋರ್ಟಿನ ಬೆಂಚಿನ ಮ್ಯಾಗ ಕೂಡೋದು ಸಿಗ್ತದ. ಆ ಮನಷ್ಯಾನ ಮನಿಗೂ ಜೋಡಿ ಹೋಗೋಣು. ಕಾಲು ಬರಂಗಿಲ್ಲ. ಆದ್ರೂ ಹೋಗೋಣು."

"ಅವರು ಬೈದು ಹೊರಗ ಹಾಕಿದ್ರ?"

"ಇಬ್ಬರನ್ನೂ ಹಾಕ್ತಾರಲ್ರಿ."

ರುಕ್ಮಿಣಿಬಾಯಿ ಒಳಗೆ ಚಹಾಕ್ಕೆ ನೀರಿಟ್ಟಳು. ಉಮಾಶ್ರೀ ಪೆನ್ನು ತೆಗೆದಳು. ಕಾಗದ ಜಾರದಂತೆ ಶಿವಕಾಂತ ಅದರ ಅಂಚನ್ನು ಹಿಡಿದುಕೊಂಡ.

"ಸಹಿ ಮಾಡ್ಲೇನ್ರಿ?" ಎಂದಳು, ಅವನ ಮುಖವನ್ನೇ ನೋಡುತ್ತ.

"ಮಾಡ್ರಿ."