ಬಲಕ್ಕೆ ತಿರುಗಿದ ಹಿಡಿಕೆ

"ಆಹಾ! ಇದೇ ನೋಡಿ. ಇದರ ಮುಂದೆ ಉಳಿದಿದ್ದೆಲ್ಲ ಬರೀ ಬಿಸಿನೀರು!"

ಕಾಫಿ ಹುರಿಯುವ ಅಂಗಡಿಯ ಯಜಮಾನ ಇಷ್ಟು ಹೇಳಿ ಮೂರನೇ ಕಪ್ಪನ್ನು ತಳ ಕಾಣುವವರೆಗೆ ಕುಡಿದ. ನಾಲ್ಕನೆಯದರ ಬಗ್ಗೆ ಮಾತು ನಡೆಯುತ್ತಿದ್ದಾಗ ಅವನ ಹಣೆಯಲ್ಲಿ ಬೆವರೊಡೆಯಿತು. ಮೇಜಿನ ಅಂಚು ಹಿಡಿಯಲು ಹೋದ. ಕೈಗೆ ಸಿಗಲಿಲ್ಲ. ಕುರ್ಚಿ ಸಮೇತ ಉರುಳಿದ.

ಎಲ್ಲರೂ ಗರಬಡಿದವರಂತೆ ನಿಂತರು. ಮೊದಲು ಕೆಳಗೆ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು ತಂಗಿ.

"ಅಣ್ಣಾ! ಅಣ್ಣಾ, ಕಣ್ಣು ಬಿಡೋ!"

ಅವನು ಕಣ್ಣು ಬಿಡಲಿಲ್ಲ.

*

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಆಂಬುಲೆನ್ಸ್ ಹೋಗಿಯಾಗಿತ್ತು. ಈ ಇನ್ಸ್‌ಪೆಕ್ಟರಮ್ಮ ಟೀ ಕುಡಿದು ಬೆಳೆದ ಜೀವ. ಕಾಫಿಯೆಂದರೆ ಎಲ್ಲ ಒಂದೇ ಎಂದು ಇಷ್ಟು ವರ್ಷ ನೆಮ್ಮದಿಯಾಗಿದ್ದಳು. ಇಲ್ಲಿ ನೋಡಿದರೆ ಒಂದೇ ತೋಟದ ಬೀಜ, ಹಿಂದಿನ ಕೋಣೆಯಲ್ಲೇ ಹುರಿದದ್ದು, ಅದನ್ನು ನಾಲ್ಕು ರೀತಿಯಲ್ಲಿ ಮಾಡಿ ಸಾಲಾಗಿ ಇಟ್ಟಿದ್ದರು. ಒಂದು ಕಾಗದದಲ್ಲಿ ಸೋಸಿದ್ದು, ಒಂದು ಬಟ್ಟೆಯಲ್ಲಿ ಸೋಸಿದ್ದು. ಮೂರನೆಯದು ಗಾಜಿನ ಪಾತ್ರೆಯಲ್ಲಿ ನೆನೆಸಿ ಜಾಲರಿಯಿಂದ ಒತ್ತಿದ್ದು. ನಾಲ್ಕನೆಯದು ಒಲೆಯ ಮೇಲೆ ಆವಿಯಲ್ಲಿ ಉಕ್ಕಿಸಿದ್ದು.

ಮೇಜಿಗೆ ಕೂತಿದ್ದವರು ಮೂವರು. ಯಜಮಾನ, ಬೀಜ ಹುರಿಯುವ ಪಾಲುದಾರ, ದೊಡ್ಡ ಕಂಪನಿಯಿಂದ ಬಂದಿದ್ದ ಖರೀದಿದಾರ. ಕಾಫಿ ಮಾಡಿ ಕಪ್ಪುಗಳಿಗೆ ಬಗ್ಗಿಸಿದವಳು ತಂಗಿ.

ಇನ್ಸ್‌ಪೆಕ್ಟರ್ ಯಜಮಾನನ ಮೂರನೇ ಕಪ್ಪಿನೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಕಂದು ಗಸಿ. ಗಸಿಯ ನಡುವೆ ಬಿಳಿಯ ಚೂರುಗಳು.

ಫೋನ್ ಬಡಿದುಕೊಂಡಿತು. ಆಸ್ಪತ್ರೆಯ ಡಾಕ್ಟರು.

"ಹೃದಯದ ಬಡಿತ ಇಳೀತಾ ಇದೆ ಮೇಡಂ. ಯಾವುದೋ ಮಾತ್ರೆ, ಅದೂ ಬೇಕಾದಷ್ಟು ಹೊಟ್ಟೆಗೆ ಹೋಗಿದೆ. ಯಾವುದು ಅಂತ ಗೊತ್ತಾದ್ರೆ ಅದಕ್ಕೆ ಸರಿಯಾದ ಮದ್ದು ಕೊಡಬಹುದು."

"ಇಲ್ಲೊಂದು ಕಪ್ಪಲ್ಲಿ ಬಿಳಿ ಚೂರಿದೆ. ಲ್ಯಾಬಿಗೆ ಕಳಿಸ್ತೀನಿ."

"ರಿಪೋರ್ಟ್ ಬರೋದು ಸಂಜೆಗೆ. ಅಲ್ಲೀವರೆಗೆ ಆ ಮನುಷ್ಯ ಇರ್ತಾರೆ ಅನ್ನೋ ಧೈರ್ಯ ನನಗಿಲ್ಲ."

"ಕಾಫೀಲಿ ಕಲಸಿದ್ರೆ ಗೊತ್ತಾಗಲ್ವಾ ಡಾಕ್ಟ್ರೇ?"

"ಅಷ್ಟು ಮಾತ್ರೆ ಪುಡಿ ಮಾಡಿದ್ರೆ ಕಡು ಕಹಿ. ಮಗು ಕೂಡ ಉಗೀತದೆ."

ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದಳು. ಠಾಣೆಯಲ್ಲಿ ಅವನನ್ನು ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. "ನೀನು ಆಸ್ಪತ್ರೆಗೆ ಓಡು. ಅವರ ಬಾಯಿಂದ ಏನು ಬಂದರೂ ನನಗೆ ಹೇಳು."

ಅವನು ಕಾರಿನ ಕೀ ಬಿಟ್ಟೇ ಓಡಿದ. ಮತ್ತೆ ಬಂದು ತೆಗೆದುಕೊಂಡು ಹೋದ.

*

"ನಿನ್ನೆ ನಿಮಗೂ ಯಜಮಾನರಿಗೂ ಜಗಳ ಆಯ್ತಂತೆ. ಬೀದಿಗೆಲ್ಲ ಕೇಳಿಸಿದೆ."

ಪಾಲುದಾರ ತಲೆಯಾಡಿಸಿದ. "ಆಗಿದ್ದು ನಿಜ ಮೇಡಂ. ಒಂದು ಸುತ್ತು ಬೀಜ ಪೂರ್ತಿ ಕರಕಲಾಯ್ತು. ನಾನು ಹೊರಗೆ ಹೋಗಿದ್ದೆ, ಅವನು ಯಂತ್ರದ ಪಕ್ಕದಲ್ಲೇ ನಿಂತಿದ್ದ. ನಾನು ಬಾಗಿಲಿಗೆ ಬರೋ ಹೊತ್ತಿಗೆ ಸುಟ್ಟ ವಾಸನೆ ಬೀದಿಗೇ ಬರ್ತಿತ್ತು. ಏನಯ್ಯಾ, ಮೂಗು ಮನೇಲಿ ಬಿಟ್ಟು ಬಂದ್ಯಾ ಅಂದೆ. ಅಷ್ಟಕ್ಕೇ ಮೈಮೇಲೆ ಬಿದ್ದ."

"ಅಂದ್ರೆ ಅವರ ಮೇಲೆ ಸಿಟ್ಟಿತ್ತು."

"ಸಿಟ್ಟಿಗೆ ಯಾರಾದ್ರೂ ಸ್ನೇಹಿತನ್ನ ಸಾಯಿಸ್ತಾರಾ? ಅದೂ ಕಾಫೀಲಿ? ಅವನಿಗೆ? ಒಂದು ಮೂಟೇಲಿ ಒಂದು ಕಾಳು ಕೆಟ್ಟಿದ್ರೂ ಹೇಳೋ ನಾಲಿಗೆ ಅದು! ಒಂದು ಹನಿಗೇ ಗೊತ್ತಾಗಿಬಿಡ್ತಿತ್ತು."

ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದರಿಂದಲೇ ಇನ್ಸ್‌ಪೆಕ್ಟರಿಗೆ ತಲೆ ಕೆಟ್ಟಿತು. ಊರಿಗೇ ಹೆಸರಾದ ನಾಲಿಗೆಯವನು ಮಗು ಉಗಿಯುವ ಕಹಿಯನ್ನು ಆಹಾ ಎನ್ನುತ್ತ ಕುಡಿದದ್ದು ಹೇಗೆ?

"ರುಚಿ ನೋಡುವವರು ಚಮಚದಲ್ಲಿ ಹೀರಿ ಉಗೀತಾರಂತಲ್ಲ?" ಎಂದು ಖರೀದಿದಾರನನ್ನು ಕೇಳಿದಳು.

"ಹೌದು. ಯಜಮಾನರೂ ಹಾಗೇ. ಆದ್ರೆ ತುಂಬ ಹಿಡಿಸಿದ ಒಂದನ್ನ ಮಾತ್ರ ಪೂರ್ತಿ ಕುಡೀತಾರೆ. ಅದು ಎಲ್ಲರಿಗೂ ಗೊತ್ತು." ಅವನು ಫೋನ್ ತೆರೆದ. "ಶುರುವಾಗೋ ಮುಂಚೆ ತೆಗೆದ ಫೋಟೋ, ನೋಡಿ. ಯಾರೂ ಇನ್ನೂ ಮುಟ್ಟಿರಲಿಲ್ಲ."

ಮೂರು ಸಾಲು ಕಪ್ಪುಗಳು. ಎಲ್ಲದರ ಹಿಡಿಕೆಯೂ ಎಡಕ್ಕೆ. ಯಜಮಾನನ ಸಾಲಿನಲ್ಲಿ ಮೂರನೆಯದು ಒಂದೇ ಬಲಕ್ಕೆ.

ಇನ್ಸ್‌ಪೆಕ್ಟರ್ ತಲೆ ಎತ್ತಿದಳು. ಗೋಡೆಯ ತುಂಬ ಹಳೆಯ ರುಚಿ ನೋಡುವ ದಿನಗಳ ಫೋಟೋಗಳಿದ್ದವು. ಯಜಮಾನ ನಗುತ್ತಿದ್ದಾನೆ, ಮುಂದೆ ಕಪ್ಪುಗಳ ಸಾಲು. ಅವಳು ಒಂದೊಂದಕ್ಕೂ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಹಳೆಯವುಗಳಲ್ಲಿ ಹಿಡಿಕೆಗಳೆಲ್ಲ ಎಡಕ್ಕೇ ಇದ್ದವು. ಈಚಿನವುಗಳಲ್ಲಿ ಪ್ರತಿ ಸಲವೂ ಒಂದೇ ಒಂದು ಬಲಕ್ಕೆ.

ಆಗ ಗಡಿಬಿಡಿಯ ಫೋನ್ ಬಂತು.

"ಮೇಡಂ, ಒಂದು ಕ್ಷಣ ಎಚ್ಚರ ಆಗಿತ್ತು! ಕಾಫಿ ಕಹಿ ಇತ್ತಾ ಅಂತ ಡಾಕ್ಟ್ರು ಕೇಳಿದ್ರು. ಅದಕ್ಕೆ ಅವರು, 'ತಂಗೀನ ಕೇಳಿ, ಅವಳಿಗೆ ಗೊತ್ತಿರ್ತದೆ' ಅಂದ್ರು. ಮತ್ತೆ ಕಣ್ಣು ಮುಚ್ಚಿದ್ರು. ಪಾಪ, ಏನೋ ಬಡಬಡಿಸ್ತಿದ್ದಾರೆ."

ಇನ್ಸ್‌ಪೆಕ್ಟರ್ ಮತ್ತೆ ಗೋಡೆಯ ಫೋಟೋಗಳನ್ನು ನೋಡಿದಳು. ಅದು ಬಡಬಡಿಕೆಯಾಗಿರಲಿಲ್ಲ.

*

ತಂಗಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ನಿಮ್ಮ ಅಣ್ಣನಿಗೆ ವಾಸನೆ, ರುಚಿ ಹೋಗಿ ಎಷ್ಟು ದಿನ ಆಯ್ತಮ್ಮ?"

ಪಾಲುದಾರನ ಬಾಯಿ ತೆರೆದದ್ದು ಮುಚ್ಚಲಿಲ್ಲ. ತಂಗಿ ತಲೆ ಎತ್ತಲಿಲ್ಲ.

"ನಿನ್ನೆ ಪಕ್ಕದಲ್ಲೇ ಬೀಜ ಸುಟ್ಟರೂ ಅವರಿಗೆ ಗೊತ್ತಾಗಲಿಲ್ಲ. ಇವತ್ತು ಕಹಿ ವಿಷ ಗೊತ್ತಾಗಲಿಲ್ಲ. ನಾಲಿಗೆ ಅವರದ್ದು, ರುಚಿ ಹೇಗಿತ್ತು ಅಂತ ಆಸ್ಪತ್ರೇಲಿ ಕೇಳಿದ್ರೆ ತಂಗೀನ ಕೇಳಿ ಅಂತಾರೆ. ಯಾಕಂದ್ರೆ ಅವರ ನಾಲಿಗೆ ನೀವು. ಮೊದಲು ನೀವು ರುಚಿ ನೋಡ್ತೀರಿ. ಚೆನ್ನಾಗಿರೋ ಕಪ್ಪಿನ ಹಿಡಿಕೆ ಬಲಕ್ಕೆ ತಿರುಗಿಸ್ತೀರಿ. ಅವರು ಹಿಡಿಕೆ ನೋಡಿ ಹೊಗಳ್ತಾರೆ, ಹೊಗಳಿದ್ದನ್ನ ಪೂರ್ತಿ ಕುಡೀತಾರೆ. ಇದು ಗೊತ್ತಿದ್ದದ್ದು ನಿಮ್ಮಿಬ್ಬರಿಗೇ. ಇವತ್ತು ವಿಷ ಹಾಕಿದವರಿಗೆ ಅವರು ಯಾವ ಕಪ್ಪು ಕುಡೀತಾರೆ, ಕಹಿ ಗೊತ್ತಾಗಲ್ಲ ಅನ್ನೋದು ಎರಡೂ ಗೊತ್ತಿತ್ತು. ಗಸಿ ಇರೋ ಕಾಫೀನೇ ಆರಿಸಿಕೊಂಡಿರಿ, ಚೂರು ಕಾಣಬಾರದು ಅಂತ."

"ಇಲ್ಲ... ಇವಳಾ?" ಪಾಲುದಾರ ಗೋಡೆಗೆ ಒರಗಿದ. "ಇವಳನ್ನ ಎತ್ತಿ ಆಡಿಸಿದವನು ಮೇಡಂ ಅವನು!"

ಖರೀದಿದಾರ ತಟ್ಟನೆ ಎದ್ದು ನಿಂತ. "ಅಯ್ಯೋ... ಬೆಳಿಗ್ಗೆ ನಾನೇ ಇವರಿಗೆ ಹೇಳಿಬಿಟ್ಟೆ. ಇವರು ನಮ್ಮ ಕಂಪನೀಲಿ ರುಚಿ ನೋಡೋ ಕೆಲಸಕ್ಕೆ ಕೇಳಿದ್ರು. ನಾವು ಅಣ್ಣನ್ನೇ ವಿಚಾರಿಸಿದ್ವಿ. 'ಅವಳಿಗೆಲ್ಲಿ ನಾಲಿಗೆ? ಕಪ್ಪು ತೊಳೆಯೋಕೆ ಸರಿ' ಅಂದ್ರು. ಅದಕ್ಕೇ ಕೆಲಸ ಕೊಡಲಿಲ್ಲ, ಬೇಜಾರು ಮಾಡ್ಕೋಬೇಡಿ ಅಂದೆ."

ಇನ್ಸ್‌ಪೆಕ್ಟರ್ ತಂಗಿಯ ಮುಂದೆ ಮಂಡಿಯೂರಿ ಕೂತಳು. ದನಿ ತಗ್ಗಿಸಿದಳು. "ಅಲ್ಲಿ ಅವರು ಈಗಲೂ ನಿನ್ನನ್ನೇ ಕೇಳಿ ಅಂತಿದ್ದಾರೆ. ಈ ಒಂದು ಸಲ ಸರಿಯಾಗಿ ಹೇಳಿಬಿಡಮ್ಮ. ಯಾವ ಮಾತ್ರೆ?"

ತಂಗಿ ಕಣ್ಣೊರೆಸಿಕೊಂಡಳು. ಕೈಚೀಲ ತೆರೆದಳು. ಮಾತ್ರೆಯ ಖಾಲಿ ಪಟ್ಟಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟಳು.

"ಅಮ್ಮನ ಹಾರ್ಟಿನ ಮಾತ್ರೆ. ಪೂರ್ತಿ ಪಟ್ಟಿ."

ಇನ್ಸ್‌ಪೆಕ್ಟರ್ ಅದರ ಮೇಲಿನ ಹೆಸರನ್ನು ಡಾಕ್ಟರಿಗೆ ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಓದಿ ಹೇಳಿದಳು. ಆ ಕಡೆ ಡಾಕ್ಟರು ಓಡಿದ ಸದ್ದು ಕೇಳಿಸಿತು.

"ನಾನು ಬಿಟ್ಟು ಹೋಗ್ತೀನಿ ಅಂತ ಹೆದರಿ ಹಾಗೆ ಹೇಳಿದಾನೆ, ನನಗೆ ಗೊತ್ತು," ಎಂದಳು ತಂಗಿ. "ಬಾಯಿಬಿಟ್ಟು ಇರು ಅಂದಿದ್ರೆ ಇರ್ತಿದ್ದೆ. ಹಿಡಿಕೆ ತಿರುಗಿಸಿದ ಮೇಲೂ ಪಕ್ಕದಲ್ಲೇ ನಿಂತಿದ್ದೆ ಮೇಡಂ. ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಿದ್ರೆ ಕಪ್ಪು ಕಿತ್ಕೊಂಡುಬಿಡ್ತಿದ್ದೆ. ಅವನು ಹಿಡಿಕೆ ಮಾತ್ರ ನೋಡ್ದ."

*

ಯಜಮಾನ ಬದುಕಿದ.

ಮಾರನೆಯ ಬೆಳಿಗ್ಗೆ ಇನ್ಸ್‌ಪೆಕ್ಟರ್ ವಾರ್ಡಿಗೆ ಹೋದಾಗ ಅವನು ದಿಂಬಿಗೆ ಒರಗಿ ಕೂತಿದ್ದ. ತಂಗಿಯ ಬಗ್ಗೆ ಹೇಳಬೇಕಾದ ಮಾತನ್ನು ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಬಾಗಿಲು ತೆರೆಯಿತು.

ನರ್ಸ್ ಒಂದು ಕಪ್ ಗಂಜಿ ತಂದು ಅವನ ಮುಂದಿಟ್ಟಳು. ಅವನು ಕಪ್ಪನ್ನೇ ನೋಡಿದ. ಹಿಡಿಕೆ ಎಡಕ್ಕಿತ್ತು. ಅವನು ಅದನ್ನು ಮುಟ್ಟಲಿಲ್ಲ.

"ತಂಗಿ ಬರಲಿ," ಎಂದ ಬಾಗಿಲ ಕಡೆ ನೋಡುತ್ತ. "ಎಲ್ಲಿ ಅವಳು?"