ಎಲ್ಲಿಗೆ ಎಂದು ಕೇಳದ ಬೆಳಗು

ಆ ಬೆಳಗ್ಗೆ ಗಾಳಿ ಸತ್ತುಬಿದ್ದಿತ್ತು. ಇನ್ನೂ ಏಳು ಗಂಟೆ. ಆಗಲೇ ಆಕಾಶ ಕಾದ ಹೆಂಚಾಗಿತ್ತು. ಅಡಿಲೇಡ್‌ನಿಂದ ನಡುರಾತ್ರಿಯೇ ಹೊರಟು ಉತ್ತರಕ್ಕೆ ಆರು ಗಂಟೆಯ ದಾರಿ ಸವೆಸಿ ಬಂದವರ ಮುಂದೆ ಮರುಭೂಮಿಯ ಕಣಿವೆ ಬಾಯಿ ತೆರೆದು ಮಲಗಿತ್ತು. ಕಾವಿ, ಅರಿಸಿನ, ವಿಭೂತಿ... ಪದರ ಪದರವಾಗಿ ಬಣ್ಣದ ಬಂಡೆಗಳು. ಒಂದು ಹಕ್ಕಿಯ ದನಿಯೂ ಇಲ್ಲ.

ಪೂರ್ವಿ ಅವನನ್ನು ಮೊದಲ ಸಲ ನೋಡಿದ್ದು ಅಲ್ಲೇ, ಕಣಿವೆಯ ಅಂಚಿನಲ್ಲಿ. ಪಂಚಾಕ್ಷರಿ, ಪರ್ತ್‌ನ ಗಣಿ ಎಂಜಿನಿಯರ್. ಸಂಬಂಧ ತಂದವಳು ಬ್ರಿಸ್ಬೇನ್‌ನ ಕಮಲಾ ಚಿಕ್ಕಮ್ಮ.

"ಡ್ರಾಯಿಂಗ್ ರೂಮಲ್ಲಿ ಕೂತು ಕೇಸರಿಬಾತ್ ತಿಂದ್ರೆ ಗಂಡಸರ ಗುಣ ಗೊತ್ತಾಗಲ್ಲ ಕಣೆ. ಬಿಸಿಲಲ್ಲಿ ನಿಲ್ಲಿಸಿ ನೋಡ್ಬೇಕು!" ಎಂದು ನಗುತ್ತಲೇ ಕರೆತಂದಿದ್ದಳು.

"ನಾನು ಸ್ವಲ್ಪ ಕೆಳಗಿಳಿದು ಬರ್ತೀನಿ," ಎಂದ ಅವನು. ಹೆಜ್ಜೆ ಎತ್ತಿದವನು ನಿಂತ. ಅವಳ ಮುಖವನ್ನೇ ನೋಡಿದ. ಏನನ್ನೋ ಕಾಯುವ ನೋಟ!

'ಯಾವ ಕಡೆಗೆ? ನಾನೂ ಬರಲಾ?' ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹೊರಟವರನ್ನು ಎಲ್ಲಿಗೆಂದು ಕೇಳಿದರೆ ಕೆಡುಕಾಗುತ್ತದೆಂದು ಅಜ್ಜಿ ಎಷ್ಟು ಸಲ ಗದರಿದ್ದಳೋ! ಪೂರ್ವಿ ತುಟಿ ಬಿಗಿದಳು.

ಅವನ ಮುಖ ಬಾಡಿತು. ತಿರುಗಿ ನೋಡದೆ ಇಳಿದುಹೋದ.

ಎಂಟಾಯಿತು. ಹತ್ತಾಯಿತು. ಬಿಸಿಲು ನಲವತ್ತು ದಾಟಿತು. ಫೋನಿಗೆ ಸಿಗ್ನಲ್ ಇಲ್ಲ.

"ಏನೇ ಇದು, ಇನ್ನೂ ಬರ್ಲಿಲ್ವಲ್ಲೇ..." ಚಿಕ್ಕಮ್ಮನ ನಗು ಎಲ್ಲೋ ಹೋಗಿತ್ತು.

ಗಸ್ತಿಗೆ ಬಂದ ರೇಂಜರ್ ಕೇಳಿದ್ದು ಒಂದೇ ಪ್ರಶ್ನೆ: ಕೆಳಗೆ ದಾರಿ ಎರಡಾಗುತ್ತದೆ, ಅವನು ಹೋದದ್ದು ಯಾವುದರಲ್ಲಿ?

ಪೂರ್ವಿ ಕಣಿವೆಯತ್ತ ನೋಡಿದಳು. 'ಗೊತ್ತಿಲ್ಲ... ನಾನು ಕೇಳಲೇ ಇಲ್ಲ!'

ಚಿಕ್ಕಮ್ಮನನ್ನು ಮೇಲೆಯೇ ಬಿಟ್ಟು ಅವಳು ರೇಂಜರ್ ಜೊತೆ ಇಳಿದಳು. ಮೊದಲು ಹಿಡಿದ ದಾರಿ ತಪ್ಪಾಯಿತು. ಅರ್ಧ ಗಂಟೆ ಹೋಯಿತು. ಕಾವಿ ಬಂಡೆಗಳು ಬರಬರುತ್ತಾ ನೆತ್ತರಿನಂತೆ ಕಂಡವು. ಕೂಗಿದರೆ ಅವಳ ಕೂಗೇ ಬೇರೆ ಯಾರದೋ ದನಿಯಾಗಿ ಮರಳಿತು. 'ಶಿವನೇ, ನನ್ನ ಮೌನಕ್ಕೆ ಅವರ ಜೀವ ತೆಗೀಬೇಡ...'

ಎರಡನೆಯ ದಾರಿಯಲ್ಲಿ, ಬಿಳಿ ಬಂಡೆಯ ನೆರಳಿನಲ್ಲಿ ಕುಸಿದು ಕೂತಿದ್ದ. ಉಳುಕಿದ ಕಾಲು ಊದಿತ್ತು, ತುಟಿ ಒಡೆದಿತ್ತು. ಪಕ್ಕದಲ್ಲಿ ಖಾಲಿ ಬಾಟಲಿ.

"ಪಂಚಾಕ್ಷರಿಯವರೇ!"

ಅವನು ಕಷ್ಟಪಟ್ಟು ಕಣ್ಣು ಬಿಟ್ಟ. "ನೀವಾ?... ನಿಮಗೆ ಇಷ್ಟ ಇಲ್ಲ ಅನ್ಕೊಂಡೆ. ಎಲ್ಲಿಗೆ ಅಂತಾನೂ ಕೇಳ್ಲಿಲ್ಲ."

"ಕೇಳಿದ್ರೆ ನಿಮಗೆ ಕೆಟ್ಟದಾಗುತ್ತೆ ಅಂತ ಕೇಳ್ಲಿಲ್ಲ ರೀ!" ಅವಳಿಗೆ ಅಳು ಉಕ್ಕಿಬಂತು.

ಅವನು ನಕ್ಕ, ಒಡೆದ ತುಟಿಗೆ ನೋವಾಯಿತು. "ಇಷ್ಟು ಕೆಟ್ಟದ್ದು ಸಾಕಲ್ವಾ? ಗಣಿಗೆ ಇಳಿಯೋ ಮುಂಚೆ ಹೆಸರಿನ ಬಿಲ್ಲೆ ಬೋರ್ಡಿಗೆ ತೂಗುಹಾಕಿ ಇಳೀತೀವಿ. ಒಳಗೆ ಯಾರಿದ್ದಾರೆ ಅಂತ ಮೇಲಿನವರಿಗೆ ಗೊತ್ತಿರ್ಲಿ ಅಂತ. ಇವತ್ತು ಆ ಬಿಲ್ಲೇನ ಯಾರ ಹತ್ರ ಬಿಟ್ಟು ಹೋಗ್ಲಿ ಅನ್ನಿಸ್ತು."

"ಇನ್ಮೇಲೆ ನನ್ನ ಹತ್ರ ಬಿಟ್ಟು ಹೋಗಿ," ಎಂದುಬಿಟ್ಟಳು ಪೂರ್ವಿ. "ದಿನಾ. ಬದುಕಿರೋವರೆಗೂ."

ರೇಂಜರ್ ಸ್ಟ್ರೆಚರಿಗಾಗಿ ರೇಡಿಯೋದಲ್ಲಿ ಮಾತಾಡುತ್ತಿದ್ದ. ಅವಳು ತನ್ನ ಪಾಲಿನ ಬಾಟಲಿಯನ್ನು ಅವನ ಬಾಯಿಗೆ ಹಿಡಿದಳು. ಇಷ್ಟು ಹೊತ್ತೂ ತಾನೊಂದು ಗುಟುಕೂ ಕುಡಿದಿರಲಿಲ್ಲ.

"ನೀವು ಕುಡಿದ್ರಾ?"

"ನನಗೇನೂ ಬೇಡ. ನೀವು ಮುಗಿಸಿ."

ಅವನು ನಿಧಾನವಾಗಿ ಕುಡಿದ. ಅರ್ಧಕ್ಕೆ ನಿಲ್ಲಿಸಿ ಮುಚ್ಚಳ ತಿರುಗಿಸಿದ. ಉಳಿದ ನೀರನ್ನು ಅವಳ ಕೈಗೆ ಮರಳಿಸಿದ.