ನೀಲಿ ದೀಪದ ಕಾರು

ಹನ್ನೊಂದನೇ ತಾರೀಕು ಬೆಳಿಗ್ಗೆ ಠಾಣೆಗೆ ಬಂದ ಹೆಣ್ಣುಮಗಳು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಅಪ್ಪ ದೊಡ್ಡ ಚೌಕದ ಮೂಲೆಯಲ್ಲಿ ಬೀಗದ ಕೈ ಮಾಡಿಕೊಡುತ್ತಿದ್ದವನು. ಎರಡು ದಿನದ ಹಿಂದೆ ರಸ್ತೆ ದಾಟುವಾಗ ಕಾರು ಗುದ್ದಿ ಸತ್ತಿದ್ದ. ಕಾರು ನಿಂತಿರಲಿಲ್ಲ.

"ಅಪ್ಪನದೇ ತಪ್ಪು ಅಂತ ಬರೆದಿದ್ದೀರಂತೆ. ಅದನ್ನ ತೆಗೀರಿ," ಎಂದಳು.

ಇನ್ಸ್‌ಪೆಕ್ಟರ್ ಪಂಚನಾಮೆ ತರಿಸಿದರು. ‘ಮೃತನು ಅಜಾಗರೂಕತೆಯಿಂದ ಸ್ವಯಂಚಾಲಿತ ವಾಹನಕ್ಕೆ ಅಡ್ಡ ಬಂದಿರುತ್ತಾನೆ.’ ಬರೆದದ್ದು ಠಾಣೆಯಲ್ಲೆಲ್ಲ ‘ಮೀಸೆ’ ಎಂದೇ ಹೆಸರಾದ ಹೆಡ್ ಕಾನ್‌ಸ್ಟೆಬಲ್. ಇನ್ಸ್‌ಪೆಕ್ಟರ್ ಅವರನ್ನು ಕರೆಸಿದರು.

"ಇದು ನಿಮಗೆ ಹೇಗೆ ಗೊತ್ತಾಯ್ತು?"

"ಚೌಕ ಡಿಸೈನ್ ಮಾಡಿದ ಎಂಜಿನಿಯರ್ರೇ ಫೋನಲ್ಲಿ ಹೇಳಿದ್ರು ಸಾರ್. ದೊಡ್ಡ ಮನುಷ್ಯರು..."

"ದೊಡ್ಡ ಮನುಷ್ಯರು ಹೇಳಿದ್ರೆ ಬರೆದುಬಿಡೋದಾ?"



ಆ ಚೌಕದ ವ್ಯವಸ್ಥೆ ಊರಿಗೆಲ್ಲ ಗೊತ್ತು. ಚಾಲಕರಿಲ್ಲದ ಕಾರುಗಳ ನೆತ್ತಿಯ ಮೇಲೆ ನೀಲಿ ದೀಪ, ಅವಕ್ಕೆ ಬೇರೆ ಲೇನ್. ದೀಪ ಕಂಡ ಕೂಡಲೇ ಸಿಗ್ನಲ್ ಹಸಿರಾಗುತ್ತದೆ. ಮನುಷ್ಯರು ಓಡಿಸುವ ಗಾಡಿಗಳು ಪಕ್ಕದ ಲೇನಿನಲ್ಲಿ ಕಾದು ಕಾದು ಸಾಯಬೇಕು. ನೀಲಿ ಲೇನ್ ದಾಟುವವರಿಗೆ ಸಿಗ್ನಲ್ಲೇ ಇಟ್ಟಿಲ್ಲ, ಏಕೆಂದರೆ ಯಾರಾದರೂ ಕಾಲಿಟ್ಟರೆ ಆ ಕಾರು ತಾನಾಗಿ ನಿಲ್ಲುತ್ತದೆ. ಇಷ್ಟು ದಿನ ನಿಂತೂ ಇದೆ.

"ನೀಲಿ ದೀಪ ಇದ್ರೆ ಧೈರ್ಯವಾಗಿ ದಾಟು ಮಗಳೇ, ಅದು ಮನುಷ್ಯರ ಥರ ಅಲ್ಲ ಅಂತ ಅಪ್ಪನೇ ನನಗೆ ಕಲಿಸಿದ್ದು," ಎಂದಳು ಅವಳು.

ಹೇಳಿಕೆ ಬರೆದುಕೊಂಡು ಇನ್ಸ್‌ಪೆಕ್ಟರ್ ಮೀಸೆಯೊಂದಿಗೆ ಚೌಕಕ್ಕೆ ಹೋದರು. ಬೀಗದವನ ಪೆಟ್ಟಿಗೆ ಅಂಗಡಿಗೆ ಬೀಗ ಬಿದ್ದಿತ್ತು. ಪಕ್ಕದಲ್ಲಿ ಹಣ್ಣು ಮಾರುವಾಕೆ ಎಲ್ಲವನ್ನೂ ಕಂಡವಳು.

"ನೀಲಿ ದೀಪ ಇತ್ತಾ?"

"ಇತ್ತು."

"ಬ್ರೇಕ್ ಹಾಕ್ತಾ?"

"ಎಲ್ಲಿ ಹಾಕ್ತು! ಹಾರ್ನ್ ಹೊಡೀತು. ಗುದ್ದಿದ ಮೇಲೆ ಬೈತು."

"ಏನು?"

"ಬೈತು ಸಾರ್. ಅಮ್ಮ ಅಕ್ಕ ಎಲ್ಲ ಸೇರಿಸಿ. ಕಪ್ಪು ಗಾಜು, ಒಳಗೆ ಯಾರೂ ಕಾಣಿಸ್ಲಿಲ್ಲ. ಈಗಿನ ಕಾರಿಗೆ ಬೈಯೋದನ್ನೂ ಕಲಿಸಿರ್ತಾರೆ ಅಂದ್ಕೊಂಡೆ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಮೀಸೆಗೆ ನಗು ಬಂತು. ಇನ್ಸ್‌ಪೆಕ್ಟರ್ ನಗಲಿಲ್ಲ. ಸಾಯುತ್ತಿರುವವನನ್ನು ಬೈದು ಹೋಗುವ ಬುದ್ಧಿ ಯಂತ್ರಕ್ಕಿಲ್ಲ, ಅದಕ್ಕೆ ಮನುಷ್ಯನೇ ಬೇಕು. ಚಾಲಕರಿಲ್ಲದ ಕಾರು ಬಿಡುವ ಕಂಪನಿಗೆ ಫೋನ್ ಮಾಡಿದರು. ಆ ಹೊತ್ತಿಗೆ ತಮ್ಮ ಒಂದು ಕಾರೂ ಅತ್ತ ಹೋಗಿಲ್ಲ ಎಂದರು ಅವರು. ಬಿಡಿ ದೀಪಗಳು ಯಾರ ಬಳಿಯಾದರೂ ಇವೆಯೇ? ಇವೆ, ಸಿಗ್ನಲ್ ಪರೀಕ್ಷೆಗೆಂದು ಎಂಜಿನಿಯರ್ ಕಚೇರಿಗೆ ಕೊಟ್ಟಿದ್ದೇವೆ ಎಂದರು.

ಮಧ್ಯಾಹ್ನ ಮೂರಕ್ಕೆ ತಮ್ಮ ಕಚೇರಿಯಲ್ಲಿ ಎಂಜಿನಿಯರ್ ನಗುನಗುತ್ತ ಟೀ ತರಿಸಿದರು. ಮೇಜಿನ ಮೇಲೆ ಚೌಕದ ಮಾದರಿ, ಅದರಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಜನ.

"ಸಿಸ್ಟಮ್‌ನಲ್ಲಿ ದೋಷ ಇಲ್ಲ ಸರ್. ನಮ್ಮ ಜನರಿಗೆ ಶಿಸ್ತಿಲ್ಲ, ಅಷ್ಟೇ."

"ದೀಪಗಳನ್ನ ತೋರಿಸ್ತೀರಾ?"

ಕಪಾಟಿನಲ್ಲಿ ಒಂದು ದೀಪದ ಜಾಗ ಖಾಲಿಯಿತ್ತು.

"ಅದು ರಿಪೇರಿಗೆ ಹೋಗಿದೆ."

ಅಷ್ಟರಲ್ಲಿ ಮೀಸೆ ಪಾರ್ಕಿಂಗ್‌ನಿಂದ ಬಂದು ಕಿವಿಯಲ್ಲಿ ಏನೋ ಹೇಳಿದರು. ಎಲ್ಲರೂ ಕೆಳಗಿಳಿದರು. ಎಂಜಿನಿಯರರ ಕಾರಿನ ಮುಂದಿನ ಒಂದು ಲೈಟು ಹೊಚ್ಚಹೊಸದು. ಕಾರಿನ ನೆತ್ತಿಯ ಮೇಲೆಲ್ಲ ಧೂಳು, ನಡುವೆ ಮಾತ್ರ ತಟ್ಟೆಯಗಲದ ದುಂಡನೆಯ ಜಾಗ ಫಳಫಳ ಹೊಳೆಯುತ್ತಿತ್ತು. ಇನ್ಸ್‌ಪೆಕ್ಟರ್ ಕಪಾಟಿನಿಂದ ತಂದ ದೀಪವನ್ನು ಅದರ ಮೇಲಿಟ್ಟರು. ಅಡಿಯ ಅಯಸ್ಕಾಂತ ಟಕ್ಕೆಂದು ಕಚ್ಚಿಕೊಂಡಿತು. ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲ. ‘ರಿಪೇರಿಗೆ ಹೋದ’ ದೀಪ ಡಿಕ್ಕಿಯಲ್ಲಿ ಟವೆಲ್ ಸುತ್ತಿಕೊಂಡು ಮಲಗಿತ್ತು. ಕಾವಲುಗಾರ ಮತ್ತು ಟೀ ತಂದವನ ಸಮ್ಮುಖದಲ್ಲಿ ಹೊಸ ಪಂಚನಾಮೆಯಾಯಿತು.

"ಮೊನ್ನೆ ಏನು ಅವಸರ ಇತ್ತು?"

"ಅವಸರ... ಏನೂ ಇರ್ಲಿಲ್ಲ."

"ಮತ್ತೆ?"

"ಆ ಪಕ್ಕದ ಲೇನಲ್ಲಿ ಕಾಯೋಕಾಗಲ್ಲ ಸರ್. ತಲೆ ಕೆಟ್ಟುಹೋಗುತ್ತೆ."

"ಅಷ್ಟೊತ್ತು ಕಾಯೋ ಹಾಗೆ ಮಾಡಿದ್ದು ಯಾರು?"

ಅವನು ಬೆವರು ಒರೆಸಿಕೊಂಡ. "ನಾನೇ. ಕಾದು ಬೇಜಾರಾದ್ರೆ ಜನ ತಾವೇ ಓಡಿಸೋದನ್ನ ಬಿಡ್ತಾರೆ ಅಂತ."

"ನೀಲಿ ದೀಪ ನೋಡಿ ಆತ ಕಾಲಿಟ್ಟ. ನೀನು ನೋಡ್ಲಿಲ್ವಾ?"

"ನೋಡಿದೆ. ಸರ್ಕೋತಾನೆ ಅಂದ್ಕೊಂಡೆ."

ನಾಲ್ಕೂವರೆಗೆ ಬಂಧನವಾಯಿತು. ಟೀ ಮೇಜಿನ ಮೇಲೆಯೇ ಕೆನೆಗಟ್ಟಿತ್ತು. ಹಸಿವಿಗೆ ಕದ್ದವರನ್ನೂ ಹಗೆಗೆ ಕೊಂದವರನ್ನೂ ಇನ್ಸ್‌ಪೆಕ್ಟರ್ ಕಂಡಿದ್ದರು. ಇವನಿಗೆ ಹಸಿವೂ ಇರಲಿಲ್ಲ, ಹಗೆಯೂ ಇರಲಿಲ್ಲ. ಊರಿಗೆಲ್ಲ ತಾನೇ ಹಂಚಿದ ಬೇಸರದಲ್ಲಿ ತನ್ನ ಪಾಲನ್ನು ತಿನ್ನಲಾಗಲಿಲ್ಲ, ಅಷ್ಟೇ. ಅದನ್ನು ಮುಚ್ಚಲು ಸತ್ತವನ ತಲೆಯ ಮೇಲೆ ಗೂಬೆ ಕೂರಿಸಿದ್ದ. ಥೂ! ಠಾಣೆಗೆ ಬಂದವರೇ ಅವರು ಸೋಪು ಹಾಕಿ ಕೈ ತೊಳೆದುಕೊಂಡರು.

ಸಂಜೆ ಮೀಸೆ ತಿದ್ದಿದ ವರದಿಯನ್ನು ಬೀಗದವನ ಮಗಳಿಗೆ ತಾವೇ ಓದಿ ಹೇಳಿದರು. "‘ಮೃತನ ಕಡೆಯಿಂದ ಯಾವ ತಪ್ಪೂ ಇರುವುದಿಲ್ಲ.’ ಸರಿಯಾಯ್ತೇನಮ್ಮಾ?"

"ಇನ್ನೊಂದ್ಸಲ ಓದಿ," ಎಂದಳು. ಮೀಸೆ ಓದಿದರು.

ಅವಳು ಚೌಕಕ್ಕೆ ಬಂದಳು. ನೀಲಿ ದೀಪದ ಕಾರೊಂದು ಅವಳನ್ನು ಕಂಡು ಮೆತ್ತಗೆ ನಿಂತಿತು. ಅವಳು ಕಾಲಿಡಲಿಲ್ಲ. ಬಗ್ಗಿ, ಗಾಜಿನೊಳಗೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತ ನಿಂತಳು.